ಕುಮಟೆಯ ಸೆಕೆಯಲ್ಲಿ ಆರು ತಾಸು ನಿಂತ ಪಫ್

ನೆತ್ತಿಯ ಕೂದಲನ್ನು ಉಬ್ಬಿಸಿ ಎತ್ತರಕ್ಕೆ ಕಟ್ಟುವ ಪಫ್ ಕರಾವಳಿಯಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಹೇಳದವರಿಲ್ಲ. ವಾರಗಿತ್ತಿ ಹೇಳಿದಳು, ಪಾರ್ಲರಿನವರು ಹೇಳಿದರು. ಎಣ್ಣೆ ಕಾಣದ ತಲೆಯನ್ನೇ ಒಪ್ಪದ ಅತ್ತೆಯವರು ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೇ. ಕಳೆದ ಮೇ ತಿಂಗಳಲ್ಲಿ ನಮ್ಮ ಮಹಿಳಾ ಮಂಡಳದ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮಕ್ಕೆ ನಾನು ಮನೆಯಲ್ಲೇ ಕಟ್ಟಿಕೊಂಡು ಹೋದ ಪಫ್, ಫ್ಯಾನು ಇದ್ದೂ ಇಲ್ಲದಂತಿದ್ದ ಸಭಾಭವನದಲ್ಲಿ ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತರವರೆಗೆ ನಿಂತಿತು. ಒಂದು ಬೆರಳಿನಷ್ಟು ಕುಗ್ಗಿರಬಹುದು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ನನ್ನ ಕೂದಲು ಉದ್ದವಿದೆ, ದಪ್ಪವಿಲ್ಲ. ಹೇರ್‌ಪಿನ್ ಸಿಕ್ಕಿಸಿದರೆ ಜಾರಿ ಬೀಳುವಷ್ಟು ನುಣುಪು. ಹಿಂದಿನ ವರ್ಷ ಒಂದು ಮದುವೆಗೆಂದು ಪಾರ್ಲರಿನಲ್ಲಿ ಸಾವಿರದ ಇನ್ನೂರು ರೂಪಾಯಿ ಕೊಟ್ಟು ಪಫ್ ಹಾಕಿಸಿಕೊಂಡಿದ್ದೆ. ಅರ್ಧ ಡಬ್ಬಿ ಸ್ಪ್ರೇ ಸುರಿದಿದ್ದರು. ಮುಹೂರ್ತದ ಹೊತ್ತಿಗೆ ಚೆನ್ನಾಗಿಯೇ ಇತ್ತು, ಊಟದ ಪಂಕ್ತಿಗೆ ಕುಳಿತಾಗ ನೆತ್ತಿಯ ಮೇಲೆ ಚಪ್ಪಟೆ ದೋಸೆ. ಸ್ಪ್ರೇಯ ಅಂಟು ಮಾತ್ರ ಮೂರು ದಿನ ಉಳಿಯಿತು. ಅದೇ ತಿಂಗಳು ಶಿರಸಿಯ ತವರುಮನೆಗೆ ಹೋದಾಗ ನಾನೇ ಸುಮ್ಮನೆ ಬಾಚಿ ಎತ್ತಿದ ಪಫ್ ಸಂಜೆಯವರೆಗೂ ಅಲುಗಲಿಲ್ಲ. ಘಟ್ಟ ಇಳಿದರೆ ಕೂದಲಿನ ಸ್ವಭಾವವೇ ಬದಲಾಗುತ್ತದೆ. ಹಾಗಾದರೆ ತಪ್ಪು ನನ್ನ ಕೈಯದಲ್ಲ, ಗಾಳಿಯದು ಎಂದು ಅಂದೇ ತೀರ್ಮಾನಿಸಿದೆ.

ನನಗೆ ಬೇಕಿದ್ದದ್ದು ಅರವತ್ತರ ದಶಕದ ಕೊನೆಯಲ್ಲಿ ಕಲ್ಪನಾ, ಜಯಂತಿ, ಭಾರತಿಯವರ ತಲೆಯಲ್ಲಿ ಕಾಣುತ್ತಿದ್ದ ಬಗೆ: ಹಣೆಯ ಹತ್ತಿರ ನುಣ್ಣಗೆ, ನೆತ್ತಿಯಲ್ಲಿ ಎತ್ತರ, ಹಿಂದೆ ತುಂಬಿದ ತುರುಬು. ಜೇನುಗೂಡಿನಂತೆ ಕೂದಲನ್ನು ಎತ್ತಿ ಕಟ್ಟುವ ಅಮೆರಿಕದ ಬೀಹೈವ್ ಅಲ್ಲ. ಆ ಜೇನುಗೂಡನ್ನು 1960ರಲ್ಲಿ ಶಿಕಾಗೋದ ಮಾರ್ಗರೆಟ್ ವಿಂಚಿ ಹೆಲ್ಟ್ ಎಂಬ ಕೇಶವಿನ್ಯಾಸಕಿ ತಮಗೆ ಇಷ್ಟವಾದ ಒಂದು ಪುಟ್ಟ ಟೋಪಿಯ ಆಕಾರ ನೋಡಿ ರೂಪಿಸಿದರಂತೆ. ಅದನ್ನು ಓದಿದ ಮೇಲೆ ನಾನೂ ಅಡುಗೆಮನೆಯ ಸ್ಟೀಲ್ ಬಟ್ಟಲುಗಳನ್ನು ಒಂದೊಂದಾಗಿ ನೆತ್ತಿಯ ಮೇಲೆ ಕವುಚಿಕೊಂಡು ಕನ್ನಡಿ ನೋಡಿದೆ. ನನ್ನ ಮುಖಕ್ಕೆ ಚಟ್ನಿಯ ಬಟ್ಟಲು ಸರಿ, ಸಾಂಬಾರಿನದು ಅತಿ. ಎರಡೂವರೆ ಅಂಗುಲ ಎಂದು ನಿಕ್ಕಿಯಾಯಿತು.

ಸ್ಪ್ರೇಯ ದುಡ್ಡು ಉಳಿಸಲು ಹೋಗಿ ಕಳೆದುಕೊಂಡ ದಿನಗಳ ಲೆಕ್ಕವಿಲ್ಲ. ಸಕ್ಕರೆ ನೀರು ಹಚ್ಚಿದರೆ ಕೂದಲು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಹಳೆಯ ಉಪಾಯ. ಹಚ್ಚಿ ನೋಡಿದೆ, ನಿಂತಿತು ಕೂಡ. ತಾಸೊಂದರ ನಂತರ ಸೆಕೆಗೆ ಪಾನಕವಾಗಿ ಕಿವಿಯ ಹಿಂದೆ ಇಳಿಯಿತು. ಮರುದಿನ ಬೆಳಿಗ್ಗೆ ದಿಂಬಿನ ಮೇಲೆ ಇರುವೆಯ ಸಾಲು. ಗಂಜಿಯ ತಿಳಿ ಒಣಗಿದ ಮೇಲೆ ಬಿಳಿ ಹೊಟ್ಟಾಗಿ ಉದುರಿತು. ಬೇರು ಜಾರದಿರಲೆಂದು ಜೋಳದ ಹಿಟ್ಟು ಉದುರಿಸಿಕೊಂಡ ದಿನ ಮಗ, “ಅಮ್ಮ, ನಿನಗೆ ಅಜ್ಜಿಯ ಕೂದಲು ಬಂದಿದೆ” ಎಂದ. ಹಿಟ್ಟಿಗೆ ಕೋಕೋ ಪುಡಿ ಬೆರೆಸಿದೆ, ಬಣ್ಣ ಕೂಡಿತು, ತಲೆಯೆಲ್ಲ ಕೇಕಿನ ವಾಸನೆ. ದಾಸವಾಳದ ಎಲೆಯ ಲೋಳೆ, ನಮ್ಮ ಕಡೆಯ ಗೊಂಪು, ಅದನ್ನೂ ಬಿಡಲಿಲ್ಲ. ಅದು ಕೂದಲನ್ನು ಇನ್ನಷ್ಟು ನುಣುಪು ಮಾಡಿತೇ ಹೊರತು ನಿಲ್ಲಿಸಲಿಲ್ಲ. ಅಗಸೆ ಬೀಜದ ಲೋಳೆ ಮಾತ್ರ ಪರವಾಗಿಲ್ಲ: ಕಾಲು ಲೋಟ ಬೀಜ, ಎರಡು ಲೋಟ ನೀರು, ಬಿಸಿಯಿದ್ದಾಗಲೇ ಸೋಸಬೇಕು. ಆರಿದರೆ ಜರಡಿಯಲ್ಲೇ ಕುಳಿತುಬಿಡುತ್ತದೆ.

ಇಷ್ಟಾದ ಮೇಲೆ ಹೊಳೆಯಿತು. ಹೊರಗಿನ ಅಂಟನ್ನು ಈ ಗಾಳಿ ಉಳಿಸುವುದಿಲ್ಲ, ಎತ್ತರ ಒಳಗಿನಿಂದ ಬರಬೇಕು. ಮೊದಲು ಮಗನ ಶಾಲೆಯ ಕಪ್ಪು ಕಾಲುಚೀಲ ಸುತ್ತಿ ಒಳಗಿಟ್ಟೆ. ಭಾರಕ್ಕೆ ಹಿಂದಕ್ಕೆ ವಾಲಿತು, ಬೆಳಕಿಗೆ ನಿಂತರೆ ಹೆಣಿಗೆಯೂ ಕಾಣುತ್ತಿತ್ತು. ಪೇಟೆಯ ಸ್ಪಂಜಿನ ಬನ್‌ಗೆ ನೂರೈವತ್ತು ದಂಡ. ದಾರಿ ತೋರಿಸಿದ್ದು ಅತ್ತೆಯವರ ಟ್ರಂಕು. ತಳದಲ್ಲಿ ಅವರ ಮದುವೆ ಕಾಲದ ಚೌರಿ ಇತ್ತು, ಉದುರಿದ ಸ್ವಂತ ಕೂದಲನ್ನೇ ಕೂಡಿಟ್ಟು ಕಟ್ಟಿಸಿದ್ದು. ನಾನೂ ಬಾಚಣಿಗೆಗೆ ಬಂದ ಕೂದಲನ್ನು ನಾಲ್ಕೈದು ತಿಂಗಳು ಡಬ್ಬಿಯಲ್ಲಿ ಕೂಡಿಟ್ಟೆ. ತೊಳೆದು, ಒಣಗಿಸಿ, ಹೇರ್‌ನೆಟ್ಟಿನೊಳಗೆ ತುಂಬಿ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಚಪ್ಪಟೆ ಉಂಡೆ ಮಾಡಿದೆ. ಬಣ್ಣ ಹೊಂದಿಸುವ ಗೋಜೇ ಇಲ್ಲ, ಭಾರವೂ ಇಲ್ಲ. ಪಿನ್ನು ಅದರೊಳಗೆ ಕಚ್ಚಿಕೊಳ್ಳುತ್ತದೆ. ಖರ್ಚು ಹೇರ್‌ನೆಟ್ಟಿನ ಇಪ್ಪತ್ತೋ ಮೂವತ್ತೋ ರೂಪಾಯಿ.

ಉಳಿದದ್ದು ನಿಮಗೆ ಗೊತ್ತಿರುವುದೇ, ನಾನು ಬದಲಿಸಿಕೊಂಡದ್ದನ್ನಷ್ಟೇ ಹೇಳುತ್ತೇನೆ. ತಲೆಸ್ನಾನ ಹಿಂದಿನ ದಿನವೇ ಆಗಬೇಕು, ಕಂಡೀಷನರ್ ತುದಿಗೆ ಮಾತ್ರ. ಅಗಸೆಯ ಲೋಳೆ ತೆಳ್ಳಗೆ ಸವರಿ, ತಲೆ ಬಗ್ಗಿಸಿ ಬಿಸಿಗಾಳಿಗೆ ಬೇರು ಒಣಗಿಸಿ, ನೆತ್ತಿಯ ಭಾಗಕ್ಕೆ ಐದು ವೆಲ್ಕ್ರೋ ರೋಲರ್ ಹಾಕುತ್ತೇನೆ. ಹಿಂದಕ್ಕಲ್ಲ, ಹಣೆಯ ಕಡೆಗೆ ಎಳೆದು ಸುತ್ತಬೇಕು. ಬಿಸಿ ಪೂರ್ತಿ ಆರುವವರೆಗೆ ಬಿಚ್ಚಬಾರದು. ನಾನು ಆ ಹೊತ್ತಿನಲ್ಲಿ ಸಾರಿಗೆ ಒಗ್ಗರಣೆ ಕೊಟ್ಟು, ಸೀರೆ ಇಸ್ತ್ರಿ ಮಾಡಿ ಮುಗಿಸುತ್ತೇನೆ. ಆಮೇಲೆ ಮುಂದಿನ ಎರಡು ಬೆರಳಿನಷ್ಟು ಅಗಲದ ಕೂದಲನ್ನು ಕ್ಲಿಪ್ಪಿಗೆ ಕಟ್ಟಿ ಪಕ್ಕಕ್ಕಿಟ್ಟು, ಹಿಂದಿನ ಎಳೆಗಳನ್ನು ಬುಡದಲ್ಲಷ್ಟೇ ಮೂರು ನಾಲ್ಕು ಸಲ ಬೇರಿನ ಕಡೆಗೆ ಕೆಳಕ್ಕೆ ಬಾಚಿ ಸಿಕ್ಕು ಮಾಡಬೇಕು. ಉದ್ದಕ್ಕೂ ಸಿಕ್ಕು ಮಾಡಿದರೆ ಹುಲ್ಲಿನ ಬಣವೆ. ಸಿಕ್ಕಿನ ಗಾದಿಯ ಮೇಲೆ ಪಿನ್ನುಗಳನ್ನು ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹಾಕಿ ಅಡಿಪಾಯ, ಅದರ ಮೇಲೆ ಉಂಡೆ, ಉಂಡೆಯ ಮೇಲೆ ಎತ್ತಿಟ್ಟ ಕೂದಲಿನ ಹೊದಿಕೆ. ಉಂಡೆಯನ್ನು ಯಾವ ಕೋನದಲ್ಲಿ ಕೂರಿಸುತ್ತೇನೆ ಎಂಬುದನ್ನು ವಾರಗಿತ್ತಿಗೂ ಹೇಳಿಲ್ಲ. ಪಿನ್ನು ಜಾರದಂತೆ ಅದಕ್ಕೆ ಮೊದಲೇ ಹಚ್ಚುವ ವಸ್ತುವೂ ನನ್ನ ಬಳಿಯೇ ಇರಲಿ. ಸ್ಪ್ರೇ ಎರಡೇ ಎರಡು ಸಲ, ಒಂದು ಮೊಳ ದೂರದಿಂದ.

ರೋಲರ್‌ಗೆ ಮುನ್ನೂರೈವತ್ತರ ಆಸುಪಾಸು, ಬಾಲದ ಬಾಚಣಿಗೆಗೆ ಅರವತ್ತು, ಸ್ಪ್ರೇಗೆ ನಾನೂರು, ಪಿನ್ನು ಮತ್ತೆ ಇತರೆ ಸೇರಿ ಒಂಬೈನೂರು ದಾಟಿಲ್ಲ. ಸ್ಪ್ರೇ ಡಬ್ಬಿ ಇನ್ನೂ ಮುಕ್ಕಾಲು ಉಳಿದಿದೆ. ಪಾರ್ಲರಿನ ಒಂದು ಸಲದ ದುಡ್ಡಿನಲ್ಲಿ ಇಷ್ಟೆಲ್ಲ.

ಬಿಚ್ಚುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಮೊದಲ ಸಲ ಒಣಗೂದಲಿಗೇ ಬಾಚಣಿಗೆ ಹಾಕಿ ಮುಷ್ಟಿ ತುಂಬ ಕೂದಲು ಕಳೆದುಕೊಂಡೆ. ಮುಂದಿನ ಉಂಡೆಗೆ ಆಯಿತು ಎಂದು ಡಬ್ಬಿಗೆ ಹಾಕಿದೆನಾದರೂ ಹೊಟ್ಟೆ ಉರಿಯಿತು. ನಿಲ್ಲಿಸಲು ಸೋತ ಆ ದಾಸವಾಳದ ಗೊಂಪು ಇಲ್ಲಿ ಗೆದ್ದಿತು. ಸಿಕ್ಕಿಗೆ ಧಾರಾಳವಾಗಿ ಮೆತ್ತಿ ಕಾಲು ತಾಸು ಬಿಟ್ಟು ತುದಿಯಿಂದ ಮೇಲಕ್ಕೆ ಬೆರಳಾಡಿಸಿದರೆ ಎಳೆ ಎಳೆಯಾಗಿ ಬಿಡುತ್ತದೆ. ಕಾರ್ಯಕ್ರಮದ ರಾತ್ರಿ ಅತ್ತೆಯವರೇ ಹಿಂದೆ ಕುಳಿತು ಪಿನ್ನು ತೆಗೆದು ಎಣಿಸಿದರು. ನಲವತ್ತೊಂದು. ನಾನು ಹಾಕಿದ್ದು ನಲವತ್ತಮೂರು.