ಬಿಲ್ಲಿನಿಂದ ಮೂಲ ಬೆಲೆಗೆ: ಶೇಕಡಾ ಲೆಕ್ಕ ಹಿಂದಕ್ಕೆ ಬಿಡಿಸುವುದು

ಮಿಕ್ಸಿಯ ಬಿಲ್ಲು 4,720 ರೂಪಾಯಿ, ಶೇ 18 ಜಿಎಸ್‌ಟಿ ಅದರಲ್ಲೇ ಸೇರಿದೆ. ತೆರಿಗೆ ಎಷ್ಟು? ಮೊಬೈಲ್ ತೆಗೆದು 4,720ರ ಶೇ 18 ಒತ್ತಿದರೆ 849.60 ಬರುತ್ತದೆ. ತಪ್ಪು. ತೆರಿಗೆ ಬಿದ್ದಿರುವುದು 4,720ರ ಮೇಲಲ್ಲ, ತೆರಿಗೆ ಸೇರುವ ಮುಂಚಿನ ಬೆಲೆಯ ಮೇಲೆ. ಆ ಬೆಲೆ ಗೊತ್ತಿಲ್ಲವಲ್ಲ, ಅದನ್ನೇ ‘ಕ್ಷ’ ಎಂದು ಬರೆದುಕೊಳ್ಳಿ.

ಕ್ಷ + 0.18 ಕ್ಷ = 4,720
1.18 ಕ್ಷ = 4,720
ಕ್ಷ = 4,720 ÷ 1.18 = 4,000

ತೆರಿಗೆ 720. ತಾಳೆ ನೋಡಬೇಕೆಂದರೆ 4,000ದ ಶೇ 18 ತೆಗೆಯಿರಿ, 720 ಬರಬೇಕು. ಶೇ 5 ಸೇರಿದ ಹೋಟೆಲ್ ಬಿಲ್ಲಾದರೆ 1.05ರಿಂದ ಭಾಗಿಸಿ. ಸೊನ್ನೆ ಮರೆತು 1.5 ಒತ್ತುವವರೇ ಜಾಸ್ತಿ.

ರಿಯಾಯಿತಿಯಲ್ಲಿ ಕೂಡುವ ಬದಲು ಕಳೆಯಬೇಕು, ಅಷ್ಟೇ. ಶೇ 30 ಬಿಟ್ಟು ಸೀರೆಗೆ 2,450 ಕೊಟ್ಟಿದ್ದರೆ 0.70 ಕ್ಷ = 2,450, ಮೂಲ ಬೆಲೆ 3,500. ಕೊಟ್ಟ ದುಡ್ಡಿಗೇ ಶೇ 30 ಕೂಡಿಸಿದರೆ 3,185ಕ್ಕೇ ನಿಂತುಬಿಡುತ್ತದೆ. ‘ಶೇ 20 + ಶೇ 10’ ಎಂಬ ಬೋರ್ಡು ಕಂಡರೆ 30 ಎಂದುಕೊಳ್ಳಬೇಡಿ: ಎರಡನೆಯದು ಉಳಿದ ಮೊತ್ತದ ಮೇಲೆ. 0.8 × 0.9 = 0.72, ಸಿಗುವುದು ಶೇ 28.

ಬೀಜಗಣಿತ ನಿಜಕ್ಕೂ ಕೈಹಿಡಿಯುವುದು ಚಿನ್ನದಂಗಡಿಯಲ್ಲಿ. ಕೈಯಲ್ಲಿ 1,00,000 ಇದೆ. ಮಜೂರಿ ಶೇ 12, ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಶೇ 3. ಎಷ್ಟು ರೂಪಾಯಿಯ ಚಿನ್ನ ಬರುತ್ತದೆ?

ಕ್ಷ × 1.12 × 1.03 = 1,00,000
ಕ್ಷ = 1,00,000 ÷ 1.1536 = ಸುಮಾರು 86,685

ಇದನ್ನು ಆ ದಿನದ ಗ್ರಾಂ ದರದಿಂದ ಭಾಗಿಸಿದರೆ ತೂಕ ಸಿಗುತ್ತದೆ. 12ಕ್ಕೆ 3 ಸೇರಿಸಿ 1.15ರಿಂದ ಭಾಗಿಸಿದರೆ 86,957 ಬರುತ್ತದೆ. ಅಷ್ಟು ಚಿನ್ನಕ್ಕೆ ಬಿಲ್ಲು ಸುಮಾರು 1,00,313 ಆಗಿ, ಕೌಂಟರಿನಲ್ಲಿ 313 ರೂಪಾಯಿ ಕಡಿಮೆ ಬೀಳುತ್ತದೆ.

ಒಡವೆಯಲ್ಲಿ 2,000 ರೂಪಾಯಿಯ ಹರಳೂ ಇದೆ, ಅದಕ್ಕೆ ಮಜೂರಿ ಇಲ್ಲ, ಜಿಎಸ್‌ಟಿ ಮಾತ್ರ ಇದೆ ಎನ್ನಿ. ಆಗ (1.12 ಕ್ಷ + 2,000) × 1.03 = 1,00,000. ಇಲ್ಲಿ ಕೊನೆಗೆ ಸೇರಿದ್ದನ್ನು ಮೊದಲು ಬಿಡಿಸಬೇಕು: 1.03ರಿಂದ ಭಾಗಿಸಿದರೆ 97,087, ಹರಳಿನ 2,000 ಕಳೆದರೆ 95,087, 1.12ರಿಂದ ಭಾಗಿಸಿದರೆ ಚಿನ್ನಕ್ಕೆ ಉಳಿಯುವುದು ಸುಮಾರು 84,899. 2,000ವನ್ನು ಮೊದಲೇ ಕಳೆದುಬಿಟ್ಟರೆ ಹರಳಿನ ಮೇಲಿನ 60 ರೂಪಾಯಿ ತೆರಿಗೆ ಲೆಕ್ಕದಿಂದ ಬಿಟ್ಟುಹೋಗುತ್ತದೆ.