ಅಜ್ಜಿಯ ಇಸವಿ ಕೊನೆಗೂ ಸಿಕ್ಕಿತು

ಅಜ್ಜಿಗೆ ಇಸವಿ ಕೇಳಬಾರದು. ಮನೆಯವರ ಹುಟ್ಟು, ಊರಿನ ಸಂಗತಿ ಎಲ್ಲವನ್ನೂ ವರ್ಷದ ಸಾಲಿನಲ್ಲಿ ಬರೆದಿಡುವ ಪಟ್ಟಿ ಮಾಡಲು ಹೊರಟ ನನಗೆ ಇದು ತಿಳಿಯುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಕೈಯಿಂದ ಮೂರೋ ನಾಲ್ಕೋ ಸಾವಿರವೂ ಹೋಗಿತ್ತು.

ಆಧಾರ್‌ನಲ್ಲಿ ಆಕೆ ಹುಟ್ಟಿದ್ದು ಜನವರಿ 1, 1940. ಅದನ್ನೇ ನಂಬಿ ಮೊದಲ ಪಟ್ಟಿ ಮಾಡಿದೆ. 1948ರಲ್ಲಿ ಹುಟ್ಟಿದ ದೊಡ್ಡತ್ತೆಯ ಹೆಸರು ಬರೆಯುವಾಗ ನೋಡಿದರೆ, ತಾಯಿಗೆ ಎಂಟು ವರ್ಷ! ಚಿಕ್ಕಪ್ಪ ಬಿದ್ದು ಬಿದ್ದು ನಕ್ಕರು. "ಸುಮ್ನೆ ದುಡ್ಡು ದಂಡ ತಮಾ. ಅವಳಿಗೇ ಗೊತ್ತಿಲ್ಲದ್ದು ನಿಂಗೆ ಸಿಗ್ತದ?"

ಸಿಕ್ಕಿತು. ಒಂದು ದಿನ ಬಂಗಡೆ ಕೊಯ್ಯುತ್ತಾ ಅಜ್ಜಿ ತಾನಾಗೇ ಹೇಳಿದಳು, "ಅಪ್ಪ ಅಂಕೋಲೆಗೆ ಉಪ್ಪಿನ ಗಲಾಟೆ ನೋಡಲು ಹೋದಾಗ ನನ್ನ ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲವಂತೆ." ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದದ್ದು 1930ರ ಏಪ್ರಿಲ್ 13. ತೊಟ್ಟಿಲು ಹನ್ನೆರಡನೇ ದಿನಕ್ಕೆ. ಅಂದರೆ ಏಪ್ರಿಲ್ ಮೊದಲ ಹದಿಮೂರು ದಿನದೊಳಗೇ! ಸಂವತ್ಸರ ಕೇಳಿದೆ. ತಡವರಿಸದೆ "ಪ್ರಮೋದೂತ" ಅಂದಳು. 1930ರ ಯುಗಾದಿಗೆ ಶುರುವಾದದ್ದು ಅದೇ, ತಾಳೆಯಾಯಿತು.

ಆಮೇಲೆ ಕೇಳುವ ಕ್ರಮವನ್ನೇ ಬದಲಿಸಿದೆ. ಆಗ ಯಾರು ಹೊಟ್ಟೆಯಲ್ಲಿದ್ದರು, ಯಾರು ಅಂಬೆಗಾಲಿಡುತ್ತಿದ್ದರು ಅಂತಷ್ಟೇ ಕೇಳುವುದು. 1956ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ್ದು ಅಜ್ಜಿಗೆ ನೆನಪೇ ಇಲ್ಲ. ಮರುವರ್ಷ ನಯಾಪೈಸೆ ಬಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಮೀನಿನವಳ ಹತ್ತಿರ ಚಿಲ್ಲರೆಗೆ ದಿನಾ ಜಗಳವಂತೆ.

ನಡುವೆ ಒಂದು ಹುಚ್ಚಾಟವೂ ಆಯಿತು. ದೊಡ್ಡತ್ತೆ ಹುಟ್ಟಿದಾಗ ನೆಟ್ಟ ತೆಂಗಿನ ಮರ ಇದೆ. ಮಡಲು ಬಿದ್ದ ಗುರುತು ಎಣಿಸಿ, ವರ್ಷಕ್ಕೆ ಹನ್ನೆರಡರಂತೆ ಭಾಗಿಸಿದರೆ ವಯಸ್ಸು ಬರಬೇಕು, ಅಲ್ವಾ? ಮರ ಹತ್ತುವವನಿಗೆ ಇನ್ನೂರು ಕೊಟ್ಟೆ. ಬುಡದಲ್ಲಿ ಗುರುತೆಲ್ಲ ಸವೆದು ಒಂದಾಗಿವೆ. ಲೆಕ್ಕಕ್ಕೆ ಮೂವತ್ತು ವರ್ಷ ಕಡಿಮೆ ಬಿತ್ತು.

ಪಟ್ಟಿ ಬರೆದ ಡ್ರಾಯಿಂಗ್ ಹಾಳೆ ಮಳೆಗಾಲದ ತಂಡಿಗೆ ಹೋಯಿತು, ಉಳಿದದ್ದನ್ನು ಒರಲೆ ತಿಂದಿತು. ಫ್ಲೆಕ್ಸ್ ಮಾಡಿಸಿದರೆ ಅಂಗಡಿಯವರು 1942ನ್ನು 1924 ಮಾಡಿದರು. ಸಾವಿರದ ಎಂಟುನೂರು ನೀರಿಗೆ. ಕೊನೆಗೆ ಹತ್ತು ಮೀಟರ್ ಮಾದರಪಾಟ ಬಟ್ಟೆ ತಂದೆ, ಏಳುನೂರರ ಆಸುಪಾಸು. ವರ್ಷಕ್ಕೆ ಹತ್ತು ಸೆಂಟಿಮೀಟರ್. ಶಾಯಿ ಹರಡದಂತೆ ಬಟ್ಟೆಗೆ ಏನು ಹಚ್ಚಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಪಟ್ಟಿಯ ಕೊನೆಗೆ 2024ರ ಆಗಸ್ಟ್ ಇದೆ, ಕಾರವಾರದ ಕಾಳಿ ಹೊಳೆಯ ಹಳೇ ಸೇತುವೆ ಕುಸಿದದ್ದು. ಕೋಡಿಬಾಗಕ್ಕೆ ಮದುವೆಯಾಗಿ ಬಂದಾಗ ಅಜ್ಜಿ ಆ ಹೊಳೆಯನ್ನು ದಾಟುತ್ತಿದ್ದುದು ದೋಣಿಯಲ್ಲಿ. "ಅದು ಹುಟ್ಟಿದ್ದೂ ನೋಡಿದೆ, ಸತ್ತದ್ದೂ ನೋಡಿದೆ" ಅಂದಳು.

ಪಟ್ಟಿ ಈಗ ಜಗಲಿಯಲ್ಲಿದೆ. ಬಂದವರೆಲ್ಲ ನೋಡುತ್ತಾರೆ, ಚಿಕ್ಕಪ್ಪನೇ ವಿವರಿಸುತ್ತಾರೆ! ಅಪ್ಪನಿಗೆ ಮಾತ್ರ ಅದನ್ನು ಕಂಡರಾಗದು. 1961ರ ಡಿಸೆಂಬರಿನಲ್ಲಿ ಗೋವಾಕ್ಕೆ ಸೈನ್ಯ ನುಗ್ಗಿದಾಗ, ಅಂಜದೀವ ದ್ವೀಪದ ಕಡೆಯಿಂದ ಗುಡುಗಿನಂಥ ಸದ್ದು ಬಂದಾಗ, ಅಪ್ಪ ಹೊಟ್ಟೆಯಲ್ಲಿ ಐದು ತಿಂಗಳಂತೆ. ಅಂದರೆ ಹುಟ್ಟಿದ್ದು 1962ರ ಏಪ್ರಿಲ್. ಶಾಲೆಯಲ್ಲಿ ಬರೆಸಿದ್ದು ಎಲ್ಲರ ಹಾಗೆ ಜೂನ್ 1, ಅದೂ 1961! ಹನ್ನೊಂದು ತಿಂಗಳು ಮೊದಲೇ ರಿಟೈರ್ ಆದೆ ಅಂತ ಅವರಿಗೆ ಗೊತ್ತಾದದ್ದು ಈ ಬಟ್ಟೆಯಿಂದ. ಆ ಸಂಬಳದ ಲೆಕ್ಕ ಇವತ್ತಿಗೂ ಊಟದ ಹೊತ್ತಿಗೆ ಬರುತ್ತದೆ.