ಮೆರಿನೊ ಸ್ವೆಟರ್ ಕುಗ್ಗದಂತೆ ಒಗೆಯುವುದು ಹೇಗೆ?

ಅಕ್ಕನ ಮಗ ಮೆಲ್ಬರ್ನ್‌ನಿಂದ ಅಪ್ಪನಿಗೆಂದು ತಂದ ಮೆರಿನೊ ಉಣ್ಣೆಯ ಸ್ವೆಟರ್ ಈಗ ಆರು ವರ್ಷದ ಮೊಮ್ಮಗಳ ಮೈಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ. ಒಗೆದದ್ದು ಒಂದೇ ಸಲ: ಮೆಷಿನ್, ಬಿಸಿನೀರು, ಸೋಪಿನ ಪುಡಿ. ಅಂಗಡಿಯವನೇ ಮೋಸ ಮಾಡಿದ ಅಂತ ಭಾವ ಇವತ್ತಿಗೂ ಹೇಳುತ್ತಾರೆ. ಇಂಥ ನಾಲ್ಕೈದು ಸ್ವೆಟರುಗಳ ಅಂತ್ಯ ಕಣ್ಣಾರೆ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

1. ನಿಜವಾದ ಮೆರಿನೊ ಹೌದೇ ನೋಡಿ

ಚಳಿಗಾಲದ ಅಂಗಡಿಗಳಲ್ಲಿ ಅಕ್ರಿಲಿಕ್ ಎಂಬ ಕೃತಕ ನೂಲಿಗೂ ಮೆರಿನೊ ಎಂದು ಹೆಸರಿಟ್ಟು ಮಾರುತ್ತಾರೆ. ಒಳಹೊಲಿಗೆಯಿಂದ ಒಂದೆಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಕರಗಿ ಗಟ್ಟಿ ಮಣಿಯಾದರೆ ಅದು ಅಕ್ರಿಲಿಕ್. ಅದನ್ನು ಹೇಗೆ ಬೇಕಾದರೂ ಒಗೆಯಿರಿ, ಮುಂದೆ ಓದುವ ತೊಂದರೆ ಬೇಡ.

2. ಕುರಿಯ ಪರಿಚಯ ಮಾಡಿಕೊಳ್ಳಿ

ಇದೇನು ಒಗೆಯುವ ಹಂತವೇ ಎನ್ನಬೇಡಿ. ಮೆರಿನೊ ಸ್ಪೇನಿನ ಕುರಿ. ಅಲ್ಲಿ 1273ರಲ್ಲೇ ಮೆಸ್ತಾ ಎಂಬ ಕುರಿಗಾರರ ಸಂಘಕ್ಕೆ ರಾಜಮನ್ನಣೆ ಸಿಕ್ಕಿತ್ತು. ಉತ್ತರದ ಬೆಟ್ಟ, ದಕ್ಷಿಣದ ಬಯಲು ಎಂದು ವರ್ಷಕ್ಕೆರಡು ಬಾರಿ ಮಂದೆಗಳನ್ನು ನಡೆಸುತ್ತಿದ್ದರು. ತಳಿಯನ್ನು ಹೊರದೇಶಕ್ಕೆ ಸಾಗಿಸಿದವರಿಗೆ ಮರಣದಂಡನೆಯ ಭಯವಿತ್ತು. ಕೊನೆಗೆ ಆ ಕಟ್ಟು ಮುರಿದವರು ರಾಜಮನೆತನದವರೇ. 1765ರಲ್ಲಿ ಜರ್ಮನಿಯ ಸ್ಯಾಕ್ಸನಿಯ ನೆಂಟರಿಗೆ ಒಂದು ಮಂದೆ ಹೋಯಿತು. 1786ರಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿ ಮುನ್ನೂರಕ್ಕೂ ಹೆಚ್ಚು ಕುರಿ ತರಿಸಿ ರಾಂಬುಯೆಯಲ್ಲಿ ಸಾಕಿಸಿದ. 1797ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ನಿಂದ ಕೆಲವು ಸಿಡ್ನಿಗೆ ಹಡಗೇರಿದವು. ಆಸ್ಟ್ರೇಲಿಯಾದ ಉಣ್ಣೆ ವ್ಯಾಪಾರದ ಬೇರು ಅಲ್ಲಿದೆ.

ಶತಮಾನಗಟ್ಟಲೆ ಉಣ್ಣೆಗೆಂದೇ ಆರಿಸಿ ಬೆಳೆಸಿದ್ದರಿಂದ ಈ ಕುರಿಯ ತುಪ್ಪಟ ತಾನಾಗಿ ಉದುರುವುದಿಲ್ಲ, ಕತ್ತರಿಸಲೇಬೇಕು. 2015ರಲ್ಲಿ ಕ್ಯಾನ್‌ಬೆರಾ ಬಳಿ ಸಿಕ್ಕ ತಪ್ಪಿಸಿಕೊಂಡ ಕುರಿಯೊಂದರ ಮೈಮೇಲೆ 41 ಕೆ.ಜಿ. ಉಣ್ಣೆ ಇತ್ತು. ನಮ್ಮಲ್ಲೂ ರಾಜಸ್ಥಾನದ ಅವಿಕಾನಗರದ ಸಂಶೋಧನಾ ಕೇಂದ್ರ ದೇಸಿ ಕುರಿಗಳೊಂದಿಗೆ ಇವನ್ನು ಕೂಡಿಸಿ ‘ಭಾರತ್ ಮೆರಿನೊ’ ಮಾಡಿದೆ. ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿ ಅವನ್ನು ಸಾಕುತ್ತಾರೆ.

ಮೆರಿನೊ ಎಳೆಯ ದಪ್ಪ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಡಿಮೆ, ಒಳ್ಳೆಯದಾದರೆ 18ರ ಆಸುಪಾಸು. ನಮ್ಮ ತಲೆಗೂದಲು 60–70. ಸುಮಾರು 30 ಮೈಕ್ರಾನ್ ದಾಟಿದ ಎಳೆ ಮೈಗೆ ಚುಚ್ಚುತ್ತದೆ. ಡೆಕ್ಕನಿ ಕುರಿಯ ಕಂಬಳಿ ತುರಿಸುವುದೂ, ಮೆರಿನೊವನ್ನು ಬನಿಯನ್ ಇಲ್ಲದೆ ತೊಡಬಹುದಾದದ್ದೂ ಅದಕ್ಕೇ. ಕಂಬಳಿಯನ್ನು ಹೀಗಳೆಯುತ್ತಿಲ್ಲ, ಮಳೆಯಲ್ಲಿ ಗೊಪ್ಪೆ ಹಾಕಿಕೊಂಡು ನಿಲ್ಲುವ ಕೆಲಸ ಮೆರಿನೊದಿಂದ ಆಗದು.

3. ಒಗೆಯುವುದು

ಎಡವುವುದು ಇಲ್ಲೇ. ಉಣ್ಣೆಯ ಎಳೆಯ ಮೇಲೆ ಮಂಗಳೂರು ಹೆಂಚು ಹೊದಿಸಿದಂತೆ ಸಣ್ಣ ಸಣ್ಣ ಹುರುಪೆಗಳಿವೆ, ಎಲ್ಲವೂ ಒಂದೇ ದಿಕ್ಕಿಗೆ. ನೆನೆದು ಬಿಸಿಯಾದಾಗ ಉಜ್ಜಿದರೆ ಎಳೆಗಳು ಒಂದರೊಳಗೊಂದು ಒಂದೇ ಕಡೆಗೆ ಸರಿಯುತ್ತವೆ. ಹಿಂದಕ್ಕೆ ಬರಲು ಹುರುಪೆ ಬಿಡುವುದಿಲ್ಲ. ಹಾಗೆ ಜಡೆಗಟ್ಟಿತೋ, ಮುಗಿಯಿತು. ತೆಳುವಾದ, ಗುಂಗುರಾದ ಎಳೆ ಇನ್ನೂ ಬೇಗ ಸಿಕ್ಕಾಗುತ್ತದೆ. ಬರೀ ಬಿಸಿನೀರನ್ನು ದೂರಬೇಡಿ. ಬಿಸಿ ಮತ್ತು ಕುಕ್ಕಾಟ ಎರಡೂ ಸೇರಿದರೆ ಅನಾಹುತ.

ಮೊದಲು ಒಣ ಸ್ವೆಟರನ್ನು ಹಳೆಯ ಪೇಪರಿನ ಮೇಲೆ ಹರವಿ ಸುತ್ತ ಗೆರೆ ಎಳೆದಿಡಿ, ಆಮೇಲೆ ಬೇಕಾಗುತ್ತದೆ. ಬಕೆಟ್ ಬೇಡ, ಅಗಲದ ಟಬ್ ಇರಲಿ. ನೀರು ಸುಮಾರು 30 ಡಿಗ್ರಿ, ಅಂದರೆ ಮುಂಗೈ ಒಳಭಾಗ ಅದ್ದಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸಬೇಕು. ಜಾಲಿಸುವ ನೀರೂ ಅಷ್ಟೇ ಹದದಲ್ಲಿರಲಿ.

‘ಕಲೆ ತಿನ್ನುವ ಎನ್‌ಜೈಮ್’ ಎಂದು ಬರೆದ ಪುಡಿಗಳನ್ನು ಹತ್ತಿರ ಸೇರಿಸಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಕರಗಿಸುವ ಎನ್‌ಜೈಮ್ ಇರುತ್ತದೆ, ಉಣ್ಣೆಯೂ ಪ್ರೋಟೀನೇ. ಬ್ಲೀಚ್ ಅಂತೂ ಎಳೆಯನ್ನೇ ಕರಗಿಸುತ್ತದೆ. ಉಣ್ಣೆಗೆಂದೇ ಸಿಗುವ ದ್ರವ ಸೋಪು ಸಾಕು. ನಾನು ಬಳಸುವುದು ಅಂಟುವಾಳ, ಬಿಳಿ ಸ್ವೆಟರಾದರೆ ಮಾತ್ರ ಒಂದು ಚಮಚ ಶಾಂಪೂ. ತಲೆಗೂದಲಿಗೆ ಹಾಕಲು ಹಿಂಜರಿಯುವುದನ್ನು ಇದಕ್ಕೂ ಹಾಕಬೇಡಿ.

ನೊರೆ ಎಬ್ಬಿಸಿದ ಮೇಲೆ ಸ್ವೆಟರನ್ನು ಒಳಮೈ ಹೊರಗೆ ಮಾಡಿ ಮುಳುಗಿಸಿ, ಅಂಗೈಯಲ್ಲಿ ಮೆಲ್ಲನೆ ಒತ್ತಿ, ಬಿಡಿ. ಒತ್ತಿ, ಬಿಡಿ. ಹತ್ತು ನಿಮಿಷದಲ್ಲಿ ನೀರು ತೆಳ್ಳನೆ ಚಹಾದ ಬಣ್ಣಕ್ಕೆ ಬಂದೀತು, ಒದ್ದೆ ಕುರಿಯ ವಾಸನೆಯೂ ಏಳಬಹುದು. ಗಾಬರಿ ಬೇಡ. ಉಜ್ಜುವುದು, ಬ್ರಷ್, ಒಗೆಯುವ ಕಲ್ಲು ಯಾವುದೂ ಇಲ್ಲ. ಕಾಲರಿನಲ್ಲಿ ಕೊಳೆ ಇದ್ದರೂ ಬೆರಳ ತುದಿಯಿಂದ ತಟ್ಟಿ ಅಷ್ಟೆ.

ಎತ್ತುವಾಗ ಭುಜ ಹಿಡಿದು ಎಳೆಯಬೇಡಿ. ನೀರು ಕುಡಿದ ಉಣ್ಣೆಯ ಭಾರಕ್ಕೆ ತೋಳು ಮೊಣಕಾಲಿಗೆ ಇಳಿಯುತ್ತದೆ. ಮಗುವಿಗೆ ಎರೆದು ಎತ್ತಿಕೊಳ್ಳುತ್ತೀರಲ್ಲ, ಹಾಗೆ ಎರಡೂ ಕೈ ಕೆಳಗಿಟ್ಟು ಎತ್ತಿ. ಎರಡು ಸಲ ಜಾಲಿಸಿ.

ಮೆಷಿನ್‌ಗೆ ಹಾಕಬಹುದೆಂದು ಲೇಬಲ್ ಹೇಳಿದರೆ? ಅಂಥ ಉಣ್ಣೆಯ ಹುರುಪೆಯನ್ನು ಕಾರ್ಖಾನೆಯಲ್ಲೇ ಸವೆಸಿ, ರಾಳದ ಪದರ ಕೊಟ್ಟಿರುತ್ತಾರೆ. ಹಾಕಿ, ತಣ್ಣೀರಲ್ಲಿ. ನಾನಂತೂ ಹಾಕುವುದಿಲ್ಲ.

4. ಒಣಗಿಸುವುದು

ಹಿಂಡಬೇಡಿ. ದಪ್ಪ ಟವೆಲಿನ ಮೇಲೆ ಹಾಸಿ, ಚಾಪೆಯಂತೆ ಸುತ್ತಿ, ಮೊಣಕಾಲೂರಿ ಒತ್ತಿ. ಬಿಚ್ಚಿ, ಪೇಪರಿನ ಗೆರೆಯ ಅಳತೆಗೆ ಎಳೆದು ಸರಿಮಾಡಿ, ಪೇಪರ್ ತೆಗೆದಿಟ್ಟು (ಶಾಯಿ ಅಂಟುತ್ತದೆ) ಪ್ಲಾಸ್ಟಿಕ್ ಪಟ್ಟಿಯ ಮಂಚದ ಮೇಲೆ ನೆರಳಲ್ಲಿ ಹರವಿ. ಹಗ್ಗಕ್ಕೆ ನೇತುಹಾಕಬೇಡಿ.

5. ಎತ್ತಿಡುವುದು

ಬೆವರು, ಎಣ್ಣೆಯ ಕಲೆ ಉಳಿದ ಜಾಗವನ್ನೇ ಹುಳು ಮೊದಲು ತಿನ್ನುತ್ತದೆ, ಹಾಗಾಗಿ ಒಗೆದು ಪೂರ್ತಿ ಒಣಗಿಸಿಯೇ ಬಿಗಿಯಾದ ಚೀಲದಲ್ಲಿಡಿ. ಉಳಿದಂತೆ ಪ್ರತಿ ಸಲ ತೊಟ್ಟ ಮೇಲೆ ಒಗೆಯುವ ಅಗತ್ಯವೇ ಇಲ್ಲ. ಈ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ, ವಾಸನೆಯೂ ಬೇಗ ಹಿಡಿಯುವುದಿಲ್ಲ. ರಾತ್ರಿ ಕಿಟಕಿಯ ಬಳಿ ಕುರ್ಚಿಯ ಮೇಲೆ ಹಾಕಿದರೆ ಬೆಳಿಗ್ಗೆ ಹೊಸದಾಗಿರುತ್ತದೆ.

ಈಗಾಗಲೇ ಕುಗ್ಗಿಸಿಬಿಟ್ಟಿದ್ದೀರಾ? ತುಸು ಕುಗ್ಗಿದ್ದರೆ ತಲೆಗೂದಲಿನ ಕಂಡೀಷನರ್ ಬೆರೆಸಿದ ನೀರಲ್ಲಿ ಅರ್ಧ ಗಂಟೆ ನೆನೆಸಿ ಮೆಲ್ಲಗೆ ಎಳೆದು ನೋಡಿ. ಪೂರ್ತಿ ಜಡೆಗಟ್ಟಿದ್ದು ಮರಳಿ ಬಾರದು. ನನ್ನ ಕೈಯಲ್ಲೇ ಹಾಗೆ ಹಾಳಾದ ಮಫ್ಲರ್ ನಾಲ್ಕು ಮಡಿಕೆಯಾಗಿ ಈಗ ಕುಕ್ಕರ್ ಇಳಿಸುವ ಮಸಿಬಟ್ಟೆ. ಹತ್ತಿಬಟ್ಟೆಗಿಂತ ಚೆನ್ನಾಗಿ ಬಿಸಿ ತಡೆಯುತ್ತದೆ.